ಮುಂದಿನ ಗಾಲಿಗಳ ಭಾರ

ಫೆಬ್ರವರಿ ೩೦, ೨೧೯೧
ಹಳಿಯಾಳ

ಎರಡು ಸಾವಿರದ ಇಪ್ಪತ್ತರ ದಶಕದ ಟ್ರೇಲರ್ ಚಾಲಕರಿಗೆ ಮಾಬೂಬಿ ನದಾಫಳ ನಮಸ್ಕಾರಗಳು.

ತಾರೀಖು ಕಂಡು ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳಿಗೆ ದಿನಗಳನ್ನು ಹೊಸದಾಗಿ ಹಂಚಿದ್ದೇವೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮ ವಾಹನಗಳು ತಾವೇ ಓಡುತ್ತವೆ. ಅವಕ್ಕೆ ದಾರಿ ಹೇಳುವ ಜಾಲವನ್ನು ಹಾದಿಮಾತು ಎನ್ನುತ್ತೇವೆ. ರಸ್ತೆಯಲ್ಲಿ ಹೂತಿಟ್ಟ ತೂಗುಹಲಗೆಗಳು ಪ್ರತಿ ಆಕ್ಸಲ್‌ನ ಭಾರವನ್ನೂ ಹೇಳುತ್ತವೆ. ಆದರೆ ಪ್ರವಾಹ ಬಂದರೆ ಹಾದಿಮಾತು ಸತ್ತುಹೋಗುತ್ತದೆ, ತೂಗುಹಲಗೆಗಳಷ್ಟೇ ಉಳಿಯುತ್ತವೆ. ಆಗ ಮನುಷ್ಯರೇ ಸ್ಟೀರಿಂಗ್ ಹಿಡಿಯಬೇಕು. ಅಂಥ ದಿನಗಳಿಗೆಂದೇ ತರಬೇತಾದವಳು ಫಕ್ಕೀರವ್ವ ಹೊಸಮನಿ. ನಾನು ಅವಳ ಜೊತೆಗಾರ್ತಿ.

ಕಳೆದ ಮಳೆಗಾಲದಲ್ಲಿ ದಾಂಡೇಲಿಯ ಆಸ್ಪತ್ರೆಗೆ ಆಮ್ಲಜನಕದ ದೊಡ್ಡ ಟ್ಯಾಂಕ್ ಒಯ್ಯುತ್ತಿದ್ದೆವು. ಅಲ್ಲಿ ಉಳಿದದ್ದು ಮಧ್ಯಾಹ್ನದವರೆಗೆ ಮಾತ್ರ ಸಾಕಾಗುವಷ್ಟಿತ್ತು. ಉಸಿರಿಗಾಗಿ ಒದ್ದಾಡುತ್ತಿದ್ದವರಲ್ಲಿ ಫಕ್ಕೀರವ್ವಳ ಗಂಡ ದೇವೇಂದ್ರಪ್ಪನೂ ಒಬ್ಬ. ನಡುವೆ ಒಂದು ಹೊಳೆ, ಅದರ ಮೇಲೆ ಕೊಚ್ಚಿಹೋದ ಸೇತುವೆಯ ಜಾಗದಲ್ಲಿ ಆತುರಕ್ಕೆ ಹಾಸಿದ ಕಬ್ಬಿಣದ ಹಲಗೆಗಳು. ಮುಂದಿನ ಆಕ್ಸಲ್‌ಗೆ ಆರು ಟನ್‌ಗಿಂತ ಹೆಚ್ಚು ಭಾರ ಬೀಳಕೂಡದೆಂದು ಕಟ್ಟಿದವರು ಹೇಳಿದ್ದರು. ಸೇತುವೆಯ ಬಾಯಲ್ಲಿದ್ದ ತೂಗುಹಲಗೆ ಏಳು ತೋರಿಸಿತು. ಟ್ಯಾಂಕನ್ನು ಹೊತ್ತ ಟ್ರೇಲರ್ ಎಂಜಿನ್ ಗಾಡಿಗೆ ಕೂಡುವ ತಟ್ಟೆ ತೀರ ಮುಂದಕ್ಕೆ ಸರಿದಿತ್ತು. ಭಾರವೆಲ್ಲ ಮುಂದಿನ ಗಾಲಿಗಳ ಮೇಲೆಯೇ.

ಹೊಳೆಯಾಚೆ ನಿಂತವರು ಕೈಬೀಸಿ ಕರೆಯುತ್ತಿದ್ದರು. ಆಸ್ಪತ್ರೆಯವರು ಮತ್ತೆ ಮತ್ತೆ ಕರೆಮಾಡಿ, ಒಮ್ಮೆ ದಾಟಿಬಿಡಿ ಎಂದು ಬೇಡಿಕೊಂಡರು. ಕೊನೆಯ ಕರೆಯಲ್ಲಿ ಮಾತಾಡಿದ್ದು ಅವಳ ಅತ್ತೆ. ಫಕ್ಕೀರವ್ವ ಎಲ್ಲವನ್ನೂ ಕೇಳಿಸಿಕೊಂಡಳು.

"ಅತ್ತೀ, ಹಲಗಿ ಮುರದು ಗಾಡಿ ಹೊಳ್ಯಾಗ ಬಿತ್ತಂದ್ರ ಅವರಿಗೂ ಉಸುರಿಲ್ಲ, ಉಳದವರಿಗೂ ಇಲ್ಲ. ಸ್ವಲ್ಪ ತಡೀರಿ, ಬರ್ತೀನಿ," ಎಂದಳು.

ಟ್ರೇಲರ್‌ನ ಬ್ರೇಕ್ ಹಾಕಿ, ತಟ್ಟೆಯ ಬೀಗ ಬಿಡಿಸಿ, ಎಂಜಿನ್ ಗಾಡಿಯನ್ನು ಮೆಲ್ಲಗೆ ಮುಂದೆ ಎಳೆದಳು. ತಟ್ಟೆ ಹಿಂದಕ್ಕೆ ಸರಿಯಿತು, ಭಾರ ಹಿಂದಿನ ಗಾಲಿಗಳಿಗೆ ಇಳಿಯಿತು. ಅವಕ್ಕೆ ಇನ್ನೂ ಹೊರುವ ಶಕ್ತಿಯಿತ್ತು; ಅವು ಹೆಚ್ಚಿದ್ದುದರಿಂದ ಹಲಗೆಗಳ ಮೇಲೂ ಭಾರ ಹರಡಿ ಬೀಳುತ್ತಿತ್ತು. ಮತ್ತೆ ತೂಗಿದಾಗ ಮುಂಭಾಗ ವಿಪರೀತ ಹಗುರಾಗಿತ್ತು. ಹಾಗೆಯೇ ಹೊರಟರೆ ಒದ್ದೆ ಕಬ್ಬಿಣದ ಮೇಲೆ ಸ್ಟೀರಿಂಗ್ ತಿರುಗಿಸಿದರೂ ಗಾಲಿ ಹಿಡಿತಕ್ಕೆ ಬರುವುದಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಮತ್ತೆ ಇಳಿದು ಬೀಗ ಬಿಡಿಸಿ, ಎಂಜಿನ್ ಗಾಡಿಯನ್ನು ತುಸು ಹಿಂದೆ ಸರಿಸಿ, ತಟ್ಟೆಯನ್ನು ಬೀಗದ ಮೊಳೆ ಕೂರುವ ಒಂದು ತೂತಿನಷ್ಟು ಮುಂದಕ್ಕೆ ತಂದು ಬೀಗ ಹಾಕಿದಳು. ಕೆಳಗೆ ಬಗ್ಗಿ ಬೀಗ ಕಚ್ಚಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದಳು. ತೂಕ ಆರರ ಒಳಗೆ ಬಂತು.

ದಾಟುವಾಗ ಹಲಗೆಗಳು ಬಾಗಿದವು, ಮುರಿಯಲಿಲ್ಲ. ಟ್ಯಾಂಕ್ ಸಮಯಕ್ಕೆ ಮುಟ್ಟಿತು. ದೇವೇಂದ್ರಪ್ಪ ವಾರದೊಳಗೆ ಎದ್ದು ಕೂತು ಗಂಜಿ ಕೇಳಿದ. ಆದರೆ ಆ ದಿನ ಆಸ್ಪತ್ರೆಯ ಅಂಗಳದಲ್ಲಿ ಎಂಜಿನ್ ನಿಂತ ಮೇಲೂ ಫಕ್ಕೀರವ್ವ ಕೆಳಗಿಳಿಯಲಿಲ್ಲ. ಸ್ಟೀರಿಂಗ್ ಹಿಡಿದಿದ್ದ ಅವಳ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು.

ಈ ಕೌಶಲ ನಮಗೆ ಬಂದದ್ದು ನಿಮ್ಮಿಂದ, ನಮ್ಮ ವಾಹನಗಳಿಂದಲ್ಲ. ಅದಕ್ಕೇ ಈ ಕೋರಿಕೆ: ಲಾರಿಯ ಕೆಲಸ ಕಲಿಯಲು ಬಂದವರಿಗೆ ಓಡಿಸುವುದಕ್ಕಿಂತ ಮೊದಲು ತೂಗುವುದನ್ನು ಕಲಿಸಿ. ಆಚೆ ದಡದಲ್ಲಿ ಸ್ವಂತದವರೇ ಕಾದಿದ್ದರೂ ನಿಂತು ತೂಗುವಷ್ಟು ಎದೆಗಾರಿಕೆ ಅವರಿಗಿರಲಿ.

ನಿಮ್ಮ ದಾರಿ ಸುಗಮವಾಗಲಿ.