ಯಜಮಾನನಿಗೆ ಬಕೆಟ್ಟು

ಮನೆಯಿಂದ,
ತಾರೀಖು ಹದಿನಾಲ್ಕು, ಸೋಮವಾರ

ಪ್ರೀತಿಯ ಸೊಸೆಗೆ ಅತ್ತೆಯ ತುಂಬು ಆಶೀರ್ವಾದ.

ಹೇಗಿದ್ದೀಯ? ಹುಬ್ಬಿನ ಮೇಲಿನ ಗಾಯ ಆರಿತೇ, ಹೊಲಿಗೆ ಬಿಚ್ಚಿಸಿದೆಯಾ? ಕನ್ನಡಕದಂಗಡಿಯ ಕೆಲಸಕ್ಕೆ ಆಗಲೇ ಹೋಗಲು ಶುರುಮಾಡಿದ್ದರೆ ನನ್ನ ಹತ್ತಿರ ಬೈಸಿಕೊಳ್ಳುತ್ತೀಯ. ಗಾಜು ಉಜ್ಜುವ ಯಂತ್ರದ ಮುಂದೆ ತಲೆ ಬಗ್ಗಿಸಿ ಕೂತರೆ ಗಾಯ ಎಳೆಯುತ್ತದೆ, ಇನ್ನೊಂದಷ್ಟು ದಿನ ರಜೆ ಹಾಕು. ನನ್ನ ಮೊಮ್ಮಗಳು ಚಿಲ್ಟು ಏನು ಮಾಡುತ್ತಿದ್ದಾಳೆ? ನಿನ್ನ ಅಕ್ಕನ ಮನೆಯ ಒಂದೇ ಕೋಣೆಯಲ್ಲಿ, ಅವಳ ಮಕ್ಕಳ ಜೊತೆ ನೀನೂ ನಿನ್ನ ಮಗಳೂ ಒತ್ತಿಕೊಂಡು ಮಲಗುತ್ತೀರಿ ಎಂದು ನೆನೆದರೆ ಇಲ್ಲಿ ಇಷ್ಟಗಲ ಮಂಚದ ಮೇಲೆ ನನಗೆ ನಿದ್ದೆ ಹತ್ತುವುದಿಲ್ಲ. ನನ್ನ ಆರೋಗ್ಯಕ್ಕೇನೂ ಕಮ್ಮಿಯಿಲ್ಲ. ಮಂಡಿ ಕೈಕೊಟ್ಟಿದೆ, ಬಾಯಿ ಇನ್ನೂ ಗಟ್ಟಿಯಾಗಿದೆ.

ಈ ಪತ್ರ ಬರೆಯಲು ಹೇಳಿದ್ದು ನಿನ್ನ ಗಂಡ. ನೀನು ಫೋನ್ ಎತ್ತುತ್ತಿಲ್ಲವಂತೆ. ಎತ್ತಬೇಡ. ನಿನ್ನ ನಾದಿನಿಯೂ ದಿನಾ ಫೋನು ಮಾಡಿ ನನ್ನ ತಲೆ ತಿಂದಳು. ಒಂದು ಲೋಟ ಎಸೆದದ್ದಕ್ಕೆ ಯಾರಾದರೂ ಮನೆ ಬಿಟ್ಟು ಹೋಗುತ್ತಾರಾ, ಅಮ್ಮ ನಾಲ್ಕು ಸಾಲು ಬೆಣ್ಣೆ ಹಚ್ಚಿ ಬರೆದರೆ ಸಾಕು, ತಾನಾಗಿ ಬರುತ್ತಾಳೆ ಎನ್ನುವುದು ಅವಳ ವಾದ. ಎಸೆದ ಲೋಟ ಸ್ಟೀಲಿನದು, ತಾಗಿದ್ದು ಕಣ್ಣಿಗೆ ಒಂದು ಬೆರಳು ಮೇಲೆ ಅನ್ನುವುದನ್ನು ಮಾತ್ರ ಅಣ್ಣ ತಂಗಿ ಇಬ್ಬರೂ ನುಂಗಿಕೊಂಡಿದ್ದಾರೆ. ಇರಲಿ. ನಾಲ್ಕು ಸಾಲಿಗೆ ನಿಲ್ಲುವವಳು ನಾನಲ್ಲ ಎಂದು ನಿನಗೆ ಗೊತ್ತು. ಮೊದಲು ನಿನ್ನ ಗಾಜಿನ ತೊಟ್ಟಿಯ ಮೀನುಗಳ ಸುದ್ದಿ ಹೇಳುತ್ತೇನೆ, ಹೋಗುವಾಗ ಬಾಗಿಲಲ್ಲಿ ನಿಂತು ನೀನು ನನಗೆ ಒಪ್ಪಿಸಿದ್ದು ಅವುಗಳನ್ನೇ ತಾನೆ.

ನಿನ್ನ ಗಂಡ ತಂದು ಬಿಟ್ಟ ಆ ಕಪ್ಪು ಪಟ್ಟೆಯ ಸಿಕ್ಲಿಡ್ ಮೀನು ಇದೆಯಲ್ಲ, ಹೆಮ್ಮೆಯಿಂದ 'ಯಜಮಾನ' ಅಂತ ಹೆಸರಿಟ್ಟನಲ್ಲ, ಆ ಮಹಾನುಭಾವ ನೀನು ಹೋದಮೇಲೆ ಪೂರ್ತಿ ಬಾಲ ಬಿಚ್ಚಿದ. ಮೂಲೆಯ ಕಲ್ಲಿನ ಗುಹೆ ಮೊದಲಿಂದಲೂ ಅವನದೇ. ಆಮೇಲೆ ಆ ಬದಿಯ ಗಿಡಗಳೂ ಅವನವಾದವು, ಆಮೇಲೆ ಊಟ ಬೀಳುವ ಜಾಗವೂ. ಗಪ್ಪಿಯ ಬಾಲ ಬೀಸಣಿಗೆಯಂತಿತ್ತು, ಈಗ ಮೋಟು ಪೊರಕೆ. ಗೌರಾಮಿ ಪಾಪ ಫಿಲ್ಟರಿನ ಹಿಂದೆ ಮೈ ಹಿಡಿ ಮಾಡಿಕೊಂಡು ನಿಂತಿರುತ್ತಿತ್ತು. ನಾನು ಏನು ಮಾಡಿದೆ ಗೊತ್ತಾ? ಏಟು ತಿಂದ ಮೀನನ್ನು ಬಲೆಯಲ್ಲಿ ಎತ್ತಿ, ಬಚ್ಚಲಿನ ನೀಲಿ ಬಕೆಟ್ಟಿಗೆ ಆ ತೊಟ್ಟಿಯದೇ ನೀರು ತುಂಬಿ ಬಿಟ್ಟೆ. ಮಾರನೆಯ ದಿನ ಇನ್ನೊಂದಕ್ಕೆ ಏಟು ಬಿತ್ತು, ಅದನ್ನೂ ಎತ್ತಿದೆ. ನಿನ್ನ ಗಂಡ ಟೀವಿ ನೋಡುತ್ತಾ, ಒಳ್ಳೆ ಕೆಲಸ ಮಾಡ್ತಿದ್ದೀಯಮ್ಮ ಅಂತ ಶಹಬ್ಬಾಸ್‌ಗಿರಿ ಕೊಟ್ಟ. ಹೀಗೆ ಒಂದೊಂದಾಗಿ ಎತ್ತಿ ಎತ್ತಿ, ಕೊನೆಗೊಂದು ಬೆಳಿಗ್ಗೆ ಊಟ ಹಾಕಲು ಹೋಗಿ ನೋಡುತ್ತೇನೆ, ಇಡೀ ಸಂಸಾರ ಬಕೆಟ್ಟಿನಲ್ಲಿ ಒಂದರ ಮೇಲೊಂದು ಬಿದ್ದು ಬಾಯಿ ಬಾಯಿ ಬಿಡುತ್ತಿದೆ. ಅತ್ತ ದೀಪ, ಗಿಡ, ಗುಳ್ಳೆ ಬಿಡುವ ಪಂಪು ಎಲ್ಲ ಇರುವ ಅರಮನೆಯಲ್ಲಿ ಯಜಮಾನ ಒಬ್ಬನೇ ಮೈ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದಾನೆ. ನನ್ನ ಬುದ್ಧಿಗೆ ಇಷ್ಟು ದಿನ ಮಂಕು ಬಡಿದಿತ್ತಾ ಅನ್ನಿಸಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೂದಲು ನೆರೆಯುವ ತನಕ ದುಡಿದವಳು ನಾನು. ಬಣ್ಣ ಬಿಡುವ ಬಟ್ಟೆಯೊಂದು ಸಿಕ್ಕರೆ ಅದನ್ನೇ ಎತ್ತಿ ಬೇರೆ ಹಾಕುತ್ತಿದ್ದೆವೇ ಹೊರತು, ಅದನ್ನು ಒಳಗೆ ಬಿಟ್ಟು ಉಳಿದ ಹಾಸುಬಟ್ಟೆಯನ್ನೆಲ್ಲ ಹೊರಗೆ ಹಾಕಿದ ನೆನಪಿಲ್ಲ.

ಅಲ್ಲಿಗೆ ಸೆರಗು ಸಿಕ್ಕಿಸಿಕೊಂಡು, ಆ ಮೀನು ಮಾರಿದವನ ಅಂಗಡಿಗೆ ಹೋಗಿ ಜಗಳ ತೆಗೆದೆ. ಇದು ಪಾಪದ ಮೀನು, ಎಲ್ಲರ ಜೊತೆ ಹೊಂದಿಕೊಳ್ಳುತ್ತೆ ಅಂತ ನಿನ್ನೆದುರಿಗೇ ಹೇಳಿದ್ದನಲ್ಲ. ಈಗ ಕೇಳಿದರೆ ಈ ಜಾತಿಯೇ ಹಾಗೆ ಅಂತಾನೆ. ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳಿಗೆ ಕೇಳುವ ಹಾಗೆ ನಾಲ್ಕು ಮಾತು ಹೇಳಿದಮೇಲೆ ದಾರಿಗೆ ಬಂದ. ಗಲಾಟೆ ಮಾಡುವವನನ್ನು ಕೆಲವು ದಿನ ಹೊರಗಿಡಿ, ಅಷ್ಟರಲ್ಲಿ ಒಳಗಿನ ಕಲ್ಲು ಗಿಡ ಎಲ್ಲದರ ಜಾಗ ಬದಲಾಯಿಸಿ, ಉಳಿದವು ಮೊದಲು ಹೋಗಿ ನೆಲೆಯಾಗಲಿ, ಇವನು ಕೊನೆಯಲ್ಲಿ ಹೋಗಲಿ, ಆಗ ಯಾವ ಮೂಲೆಯೂ ಇವನದಾಗಿರುವುದಿಲ್ಲ ಎಂದ. ಹಾಗೇ ಮಾಡಿದೆ. ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಮುಳುಗಿಸಿ ಗುಹೆಯನ್ನು ಕಿತ್ತು ನಡುವೆ ಇಟ್ಟೆ, ಅಡ್ಡಕ್ಕೆ ಗಿಡ ನೆಟ್ಟೆ, ಉಳಿದವನ್ನೆಲ್ಲ ತೊಟ್ಟಿಗೆ ವಾಪಸ್ ಬಿಟ್ಟೆ. ಗೌರಾಮಿ ಫಿಲ್ಟರಿನ ಹಿಂದೆ ಅಡಗದೆ ಊಟ ಬೀಳುವಲ್ಲೇ ನಿಂತು ತಿಂದದ್ದನ್ನು ನೋಡಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಯಜಮಾನರು ಬಕೆಟ್ಟಿನಲ್ಲಿ ಮುಖ ಊದಿಸಿಕೊಂಡಿದ್ದರು. ವಾಪಸ್ ಬಿಟ್ಟಾಗ ಒಂದು ದಿನ ದಾರಿ ತಪ್ಪಿದವರ ಹಾಗಿದ್ದು, ಎರಡನೇ ದಿನ ಗೌರಾಮಿಯ ಮೇಲೆ ಏರಿಹೋದರು. ಮತ್ತೆ ಬಕೆಟ್ಟು. ಎಷ್ಟು ಸಲವಾದರೂ ಸರಿ, ಬಲೆ ಅಲ್ಲೇ ಮೊಳೆಗೆ ನೇತುಹಾಕಿದ್ದೇನೆ. ಕೊನೆಗೂ ಸರಿಹೋಗದಿದ್ದರೆ ಅವನಿಗೆ ಅವನದೇ ತೊಟ್ಟಿ, ಒಬ್ಬನೇ ಆಳಿಕೊಂಡಿರಲಿ.

ನಾದಿನಿ ಮೊನ್ನೆ ಬಂದವಳು ಇದನ್ನು ನೋಡಿ, ಒಂದು ಮೀನಿನ ಮೇಲೆ ಇಷ್ಟು ಹಟ ಯಾಕಮ್ಮ ಅಂದಳು. ಅವಳ ಕೈಗೆ ಕಾಫಿ ಕೊಟ್ಟೆ.

ನಿನ್ನ ಅಕ್ಕನಿಗೂ ಭಾವನಿಗೂ ನಾನು ಕೇಳಿದೆನೆಂದು ತಿಳಿಸು. ಚಿಲ್ಟುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಯಾರೇ ಬಂದು ಏನೇ ಹೇಳಿದರೂ ತಲೆ ತಗ್ಗಿಸಬೇಡ.

ನಿನ್ನ ಒಳಿತನ್ನೇ ಬಯಸುವ,
ಅತ್ತೆ

ಮರೆತಿದ್ದೆ: ಅಂಚೆಗೆ ಹೊತ್ತಾಯಿತು, ಚಿಕ್ಕದಾಗಿ ಹೇಳುತ್ತೇನೆ. ಪತ್ರ ಆಯ್ತಾ ಅಂತ ನಿನ್ನ ಗಂಡ ಬೆಳಿಗ್ಗೆ ಕೇಳಿದ. ಆಯ್ತು, ಈಗ ನಿನ್ನ ಬಟ್ಟೆ ಕಟ್ಟು ಅಂದೆ. ತಮಾಷೆ ಅಂದುಕೊಂಡ. "ಇದು ನಾನು ದುಡಿದು ಕಟ್ಟಿಸಿದ ಮನೆ. ಹೊಡೆಸಿಕೊಂಡವಳು ಹೊರಗೆ, ಹೊಡೆದವನು ಒಳಗೆ, ಇದು ಇಲ್ಲಿ ನಡೆಯಲ್ಲ" ಅಂದೆ. ಕೂಗಾಡಿದ, ಬಾಗಿಲು ಒದ್ದ, ಮಧ್ಯಾಹ್ನದ ಹೊತ್ತಿಗೆ ತನ್ನ ಅಂಗಡಿಯ ಮೇಲಿನ ಕೋಣೆಗೆ ಹೋದ. ಹೊಟ್ಟೆಯಲ್ಲಿ ಹುಟ್ಟಿದವನು, ಆದರೂ ತಿರುಗಿ ಕರೆಯಲಿಲ್ಲ. ಬೀಗ ಬದಲಾಯಿಸಿದ್ದೇನೆ, ನಿನ್ನ ಕೀಲಿ ಈ ಲಕೋಟೆಯಲ್ಲಿದೆ. ಇನ್ನೊಂದು ನನ್ನ ಹತ್ತಿರ. ಮೂರನೆಯದನ್ನು ಮಾಡಿಸಿಲ್ಲ, ಮಾಡಿಸಬೇಕೋ ಬೇಡವೋ ಎನ್ನುವುದನ್ನು ನೀನು ಹೇಳಬೇಕು.