ತೂಬಿನ ಕಲ್ಲು

ಜನವರಿ 18, ಶನಿವಾರ. ವ್ಯಾನ್ ಒಳಗೆ.

ಮೂರು ದಿನದಿಂದ ತಲೇಲಿ ಕೊರೀತಿದ್ದಿದ್ದಕ್ಕೆ ಇವತ್ತು ಉತ್ತರ ಸಿಕ್ತು. ಈ ಬಾಡಿಗೆ ಕ್ಯಾಂಪರ್ ವ್ಯಾನಲ್ಲಿ ನಾವು ಬಂದಿರೋ ಮೂರನೇ ಕೆರೆ ಇದು. ಎಲ್ಲಾ ಕಡೆ ನನ್ನ ಗಂಡ ಮನುದು ಒಂದೇ ಕಥೆ. ಟೀ ಕೂಡ ಕುಡೀದೆ ಸೈಕಲ್ ಇಳಿಸ್ತಾನೆ, ಕೆರೆ ಏರಿ ಮೇಲೆ ಓಡಾಡ್ತಾ ಏನೋ ಹುಡುಕ್ತಾನೆ.

ಇವತ್ತು ಕಯಾಕಲ್ಲಿ ನಡುನೀರಿಗೆ ಹೋಗೋಣ ಅಂದ್ರೆ, ಹುಟ್ಟು ಹಾಕ್ಕೊಂಡು ನೇರ ಏರಿ ಪಕ್ಕ ನೀರಲ್ಲಿ ನಿಂತಿದ್ದ ಕಲ್ಲುಕಂಬದ ಹತ್ತಿರ ಹೋದ. ಕಂಬ ಸವರ್ತಾ, "ತೂಬು ಕಣೇ ಇದು. ಪುಟ್ಟೇನಹಳ್ಳಿ ಕೆರೆಗೆ ನಮ್ಮ ಬೋರಣ್ಣ ತಾತ ನೀರುಗಂಟಿ. ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಬಿಡ್ತಿದ್ದೋರು ಅವರೇ" ಅಂದ.

ನಿಶ್ಚಿತಾರ್ಥದಲ್ಲಿ ಇವನ ಮನೆಯವರು ನಮ್ಮಪ್ಪನಿಗೆ ಹೇಳಿದ್ದು, "ತಾತ ನೀರಾವರಿ ಇಲಾಖೇಲಿದ್ರು" ಅಂತ! ನಂಗೆ ನಗು ಬಂತು. ಅವನು ನಗಲಿಲ್ಲ.

"ಜಯನಗರದಲ್ಲಿ ನಿಮ್ಮಪ್ಪನಿಗೆ ಹೇಳ್ತೀಯಾ?"

ಅಪ್ಪನ ಯೋಚನೆ ಯಾರಿಗಿತ್ತು? ಬೇಸಿಗೇಲಿ ನೀರಿಗೆ ಜಗಳ ಬಿದ್ರೆ ತಾತ ಯಾರ ಕಡೆ? ಕತ್ತಲಲ್ಲಿ ಬರೀ ಸದ್ದು ಕೇಳೇ ನೀರು ಎಷ್ಟು ಹೋಗ್ತಿದೆ ಅಂತ ಹೇಳ್ತಿದ್ರಂತೆ, ಅದು ಹೇಗೆ? ಕೇಳ್ತಾನೇ ಇದ್ದೆ. ಕೊನೆಗೆ, ತಾತನ ತೂಬು ಈಗ ಎಲ್ಲಿದೆ ಅಂದೆ. ಆರು ವರ್ಷದಿಂದ ಪ್ರತಿ ಭಾನುವಾರ ಆ ಪುಟ್ಟೇನಹಳ್ಳಿ ಕೆರೆ ಸುತ್ತ ಇಬ್ಬರೂ ವಾಕ್ ಮಾಡ್ತೀವಿ, ನಾನಂತೂ ನೋಡಿಲ್ಲ.

"ಹಾದಿ ಪಕ್ಕ ಒಂದು ಉದ್ದದ ಕಲ್ಲು ಬಿದ್ದಿದೆಯಲ್ಲ, ನೀನು ಕಾಲಿಟ್ಟು ಶೂ ಲೇಸ್ ಕಟ್ಕೊಳ್ತೀಯಲ್ಲ, ಅದೇ."

ಒಂದು ದಿನವಾದ್ರೂ ಬೇಡ ಅನ್ನಬಾರದಿತ್ತಾ, ಇವನು.