ಪುನರ್ಪುಳಿ ಬಿಟ್ಟವಳು

ಮೂಡುಬಿದಿರೆ
12-5-2025

ಪ್ರೀತಿಯ ಶಶಿಪ್ರಭಾ,

ನಿನ್ನ ಗೆಳತಿ ರಾಜೀವಿಯ ನೆನಪುಗಳು. ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು, ಬೈಯಬೇಡ. ಫೋನು ಮಾಡುವ ಎಂದರೆ ನಿನಗೆ ಕಿವಿ ಕೇಳಿಸುವುದಿಲ್ಲ, ನನ್ನ ಬೊಬ್ಬೆಗೆ ನೆರೆಕರೆಯವರೆಲ್ಲ ಓಡಿ ಬರುತ್ತಾರೆ.

ತಡವಾದದ್ದಕ್ಕೆ ಕಾರಣ ನನ್ನ ಹೃದಯ. ಗಾಬರಿಯಾಗಬೇಡ. ರಕ್ತನಾಳ ಸ್ವಲ್ಪ ಬಿಗಿಯಾಗಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮಾತ್ರೆಯೇನೋ ನುಂಗಬಹುದು, ಮೊಮ್ಮಗಳು ತ್ರಿಶಾಳನ್ನು ಸುಧಾರಿಸುವುದೇ ಕಷ್ಟ. ಮಿಜಾರಿನ ಕಾಲೇಜಿನಲ್ಲಿ ಆಹಾರದ ವಿಷಯ ಓದುತ್ತಾಳಲ್ಲ, ದಿನಾ ಸಂಜೆ ನನಗೆ ಪಾಠ. ಹಣ್ಣಿನ ಬಣ್ಣ, ಒಗರು ಇದರಲ್ಲೆಲ್ಲ ಪಾಲಿಫಿನಾಲ್ ಎಂಬುದು ಉಂಟಂತೆ. ಅದರ ಹೆಚ್ಚಿನ ಪಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನು ಒಡೆದು, ರಕ್ತನಾಳಕ್ಕೆ ಒಳ್ಳೆಯದಾಗುವ ಏನನ್ನೋ ಮಾಡಿಕೊಡುತ್ತವಂತೆ. "ಮಾತ್ರೆಗೆ ಇದು ಬದಲಲ್ಲ ಅಜ್ಜಿ, ಆದ್ರೂ ದಿನಕ್ಕೊಂದು ಲೋಟ ಪುನರ್ಪುಳಿ ಹಣ್ಣಿನ ಶರಬತ್ತು ಕುಡೀರಿ" ಎಂದಳು.

ನನ್ನ ನಿಯಮ ನಿನಗೆ ಗೊತ್ತುಂಟು. ಆರು ವರ್ಷದಿಂದ ಪುನರ್ಪುಳಿ ಮುಟ್ಟಿಲ್ಲ. ಗಂಡನ ಜೀವ ಉಳಿಯಲೆಂದು ಬಸದಿಯಲ್ಲಿ ನಿಂತು ಬಿಟ್ಟವಳು, ಅವರು ಹೋದ ಮೇಲೂ ನಿಯಮ ಮುರಿಯದವಳು ಎಂದು ಊರೆಲ್ಲ ಹೊಗಳುತ್ತದೆ. ಆ ಮಾತು ಬಂದರೆ ಮಗ ಶ್ರೇಯಾಂಸ್ ಈಗಲೂ ಕಣ್ಣೊರೆಸಿಕೊಳ್ಳುತ್ತಾನೆ.

ನಿಯಮ ಮುರಿಯುವುದಿಲ್ಲ ಎಂದೆ. ತ್ರಿಶಾ ಬಿಡುತ್ತಾಳೆಯೇ? "ಇರುವೆ ಸಾಯ್ಬಾರ್ದು ಅಂತ ನೆಲ ನೋಡಿ ನಡೀತೀರಿ. ಹೊಟ್ಟೆಯೊಳಗೆ ಕೋಟಿಗಟ್ಟಲೆ ಜೀವಿಗಳನ್ನು ಉಪವಾಸ ಕೂರಿಸಿದ್ದೀರಿ, ಅದು ಹಿಂಸೆ ಅಲ್ವಾ ಅಜ್ಜಿ?" ನಕ್ಕು ನಕ್ಕು ಸಾಕಾಯಿತು ಮಾರಾಯ್ತಿ.

ಅಂದಿನಿಂದ ವಾಮದಪದವಿನ ನಮ್ಮ ಶಾಲೆಯ ದಾರಿಯೇ ಕಣ್ಣಮುಂದೆ. ಲಂಗ ಎತ್ತಿ ಕಟ್ಟಿ ನೀನು ಪುನರ್ಪುಳಿ ಮರ ಹತ್ತುವುದು, ಉಪ್ಪಿನ ಪೊಟ್ಟಣ ಹಿಡಿದು ನಾನು ಕೆಳಗೆ ಕಾಯುವುದು. ಹಲ್ಲು ಜುಮ್ಮೆನ್ನುವವರೆಗೆ ತಿಂದು, ರವಕೆಯ ಕೆಂಪು ಕಲೆಗೆ ಇಬ್ಬರೂ ಮನೆಯಲ್ಲಿ ಪೆಟ್ಟು ತಿಂದೆವು. ಮದುವೆಯಾದ ಹೊಸತರಲ್ಲಿ ನಮ್ಮವರು ಬಂಟ್ವಾಳ ಪೇಟೆಗೆ ಹೋದಾಗೆಲ್ಲ ಪುನರ್ಪುಳಿಯ ಒಣಸಿಪ್ಪೆ ತರುತ್ತಿದ್ದರು. ಅವರಿಗೆ ಹುಳಿ ಆಗದು, ನಾನು ಕುಡಿಯುವುದನ್ನು ನೋಡುತ್ತ ಕೂರುತ್ತಿದ್ದರು. ಆ ದಿನಗಳು ಎಷ್ಟು ಬೇಗ ಮುಗಿದವು ಶಶಿ.

ಮಳೆ ಹಿಡಿಯುವ ಮುಂಚೆ ಬೆಳ್ತಂಗಡಿಯಿಂದ ಒಮ್ಮೆ ಬಂದು ಹೋಗು. ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ಆರೋಗ್ಯದಿಂದ, ನಗುನಗುತ್ತ ಬಾಳಲಿ.

ನಿನ್ನ
ರಾಜೀವಿ

ಮತ್ತೊಂದು ಮಾತು: ಇದನ್ನು ಓದಿ ಹರಿದುಬಿಡು. ನಮ್ಮವರು ಆಸ್ಪತ್ರೆಯಲ್ಲಿದ್ದ ಎಂಟು ದಿನ ನಾನು ಯಾವ ನಿಯಮವನ್ನೂ ತೆಗೆದುಕೊಂಡಿರಲಿಲ್ಲ. ಬಸದಿಗೆ ಹೋಗಿ ನಿನಗಿಷ್ಟವಾದದ್ದು ಏನಾದರೂ ಬಿಡು ಎಂದು ಅತ್ತಿಗೆ ಹೇಳಿದ್ದರು. ಡಾಕ್ಟರೇ ನಾಡಿದ್ದು ಮನೆಗೆ ಕಳಿಸುತ್ತೇನೆ ಎಂದಿದ್ದಾರೆ, ಬಿಡುವುದು ಯಾಕೆ ಎಂದೆ. ದಿನಾ ಮಧ್ಯಾಹ್ನ ಮನೆಗೆ ಬಂದು ಒಂದು ಲೋಟ ಪುನರ್ಪುಳಿ ಕುಡಿದೇ ಹೋಗುತ್ತಿದ್ದೆ. ಎಂಟನೆಯ ದಿನ ಲೋಟ ಕೈಯಲ್ಲಿದ್ದಾಗಲೇ ಫೋನು ಬಂತು. ನಾನು ಬಿಟ್ಟದ್ದು ಅವರು ಹೋದ ಮೇಲೆ. ಜನ ಬೇರೆ ತಿಳಿದುಕೊಂಡರು, ನಾನು ಅಲ್ಲವೆನ್ನಲಿಲ್ಲ. ಮೊದಲೇ ಬಿಟ್ಟಿದ್ದರೆ ಅವರು ಉಳಿಯುತ್ತಿದ್ದರೇ ಶಶಿ? ಇಲ್ಲ ಎಂದು ನಿನ್ನ ಕೈಯಾರೆ ಬರೆ. ಆಗ ಕುಡಿಯುತ್ತೇನೆ.